ಕುವೈತಿನಲ್ಲಿ ಒಂದು ಬಾಡಿಗೆ ತೋಳು

ಆಗ ನನಗೆ ಅರವತ್ತೊಂಬತ್ತು. ಎರಡು ವರ್ಷದ ಹಿಂದಿನ ಮಾತು. ಅದಕ್ಕೆ ಮೊದಲು ನಾನು ಕಂಡ ದೂರದ ಊರೆಂದರೆ ಗೋವೆ, ಅದೂ ಲಾರಿಯ ಹಿಂದೆ ನಿಂತು ಹೋಗಿದ್ದು. ಕುವೈತಿಗೆ ಮಾತ್ರ ಕೂತುಕೊಂಡೇ ಹೋದೆ.

ಊರು ನೋಡಲು ಹೋದದ್ದಲ್ಲ. ನಾವು ಸಿದ್ದಿ ಜನ, ಹಳಿಯಾಳದ ಕಡೆಯವರು. ನಮ್ಮ ಮನೆಯ ಗಂಡಸರು ಐವತ್ತು ಕಾಣುವುದಿಲ್ಲ. ನನ್ನ ಗಂಡ ಮಿಂಗೆಲ್ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಹೊರಳಿಸುತ್ತಿದ್ದವನು ಹಾಗೇ ಕುಸಿದ. ಆಗ ಅವನಿಗೆ ನಲವತ್ತೊಂಬತ್ತು. ಅವನ ಅಣ್ಣ ಊಟದ ತಟ್ಟೆಯ ಮುಂದೆ ಹೋದ, ತಮ್ಮ ನಿದ್ದೆಯಲ್ಲಿ ಹೋದ. ಎಲ್ಲರೂ ಆನೆಯಂಥವರು. ಎಲ್ಲರೂ ‘ನನಗೇನಾಗಿದೆ’ ಎನ್ನುತ್ತಲೇ ಹೋದರು. ಸತ್ತವರ ಹಬ್ಬಕ್ಕೆ ಮೇಣದಬತ್ತಿ ಹಚ್ಚುವಾಗ ನೋಡುತ್ತೇನೆ, ನಮ್ಮ ಮನೆಯ ಹಿರಿಯರೆಲ್ಲ ನನಗಿಂತ ಚಿಕ್ಕವರು.

ಮಗ ಇನಾಸನಿಗೆ ಆಗ ನಲವತ್ತೆಂಟು. ಕುವೈತಿನ ಶುವೈಖ್‌ನಲ್ಲಿ ದೊಡ್ಡ ಲಾರಿಗಳ ಗ್ಯಾರೇಜಿನಲ್ಲಿ ಫೋರ್ಮನ್. ರಜೆಗೆ ಬಂದಾಗ ಬೆಳಿಗ್ಗೆ ಎದ್ದು ತಲೆ ಹಿಡಿದುಕೊಂಡು ಕೂರುತ್ತಿದ್ದ. ಹೆಂಡತಿ ಕತರಿನಾ ಆಸ್ಪತ್ರೆಗೆ ಕರೆದರೆ ನಗುತ್ತಿದ್ದ. ಒಂದು ಸಲ ಮಾವಿನ ಮರ ಹತ್ತಿ ತೋರಿಸಿದ. ಮರ ಹತ್ತಿದವನಿಗೆ ಯಾವ ರೋಗ?

“ಆಯಿ, ಫೋನಿನ್ಯಾಗ ಅವ್ರು ನನ್ನ ಮಾತ ಕೇಳಂಗಿಲ್ಲ. ನೀವ ಹೋಗ್ರಿ. ಒಂದ ಸಲ ಬೀಪಿ ನೋಡಿಸಿ ಬರ್ರಿ, ಸಾಕು,” ಎಂದು ಸೊಸೆ ಗಂಟುಬಿದ್ದಳು. ಅದೇ ಹೊತ್ತಿಗೆ ಮಗನೂ ‘ಆಯಿಗೆ ಕುವೈತ್ ತೋರಸ್ತೀನಿ’ ಎಂದು ಒಂದು ತಿಂಗಳ ವೀಸಾ ಮಾಡಿಸಿದ. ಅವನು ತೋರಿಸಬೇಕೆಂದದ್ದು ಬೇರೆ, ನಾನು ನೋಡಬೇಕೆಂದದ್ದು ಬೇರೆ.

ವಿಮಾನ ನಿಲ್ದಾಣ

ವಿಮಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಕೂತಲ್ಲಿಗೇ ಊಟ ತರುತ್ತಾರೆ, ಅದಕ್ಕೆ ಉಪ್ಪೂ ಇಲ್ಲ, ಖಾರವೂ ಇಲ್ಲ. ಹೊದೆಯಲು ಕೊಟ್ಟ ಕಂಬಳಿ ಎಷ್ಟು ತೆಳುವೆಂದರೆ ಅದರ ಆಚೆಗೆ ಕಿಟಕಿ ಕಾಣುತ್ತಿತ್ತು. ನಾವು ಹಳೆ ಸೀರೆ, ಹಳೆ ಅಂಗಿ ಹೊಂದಿಸಿ ಕೌದಿ ಹೊಲಿಯುವ ಜನ. ಆ ಕಂಬಳಿಯನ್ನು ಮುಟ್ಟಿ ನೋಡಿ ಪಕ್ಕದವನಿಗೇ ಕೊಟ್ಟೆ.

ಮಗನಿಗೆಂದು ಹೊಲಿದ ಕೌದಿ ನನ್ನ ಚೀಲದಲ್ಲಿತ್ತು. ಅಷ್ಟು ಸೆಕೆಯ ಊರಿಗೆ ಕೌದಿ ಯಾಕೆಂದು ಸೊಸೆ ಕೇಳಿದ್ದಳು. ಹೋದ ಮೇಲೆ ಗೊತ್ತಾಯಿತು, ಅಲ್ಲಿ ಹೊರಗೆ ಸುಡುತ್ತದೆ, ಒಳಗೆ ಎಸಿಯಲ್ಲಿ ನಡುಗುತ್ತದೆ. ಕೌದಿಯೊಳಗೆ ಮಾವಿನ ಮಿಡಿ ಉಪ್ಪಿನಕಾಯಿಯ ದೊಡ್ಡ ಡಬ್ಬವನ್ನು ಬಾಣಂತಿ ಮನೆಯ ಕೂಸಿನ ಹಾಗೆ ಸುತ್ತಿಟ್ಟಿದ್ದೆ.

ಇಳಿದ ಮೇಲೆ ಒಬ್ಬ ಪೊಲೀಸಿನವನು ನನ್ನ ಮುಖ ನೋಡಿ ಒಂದು ಸಾಲಿನ ಕಡೆ ಕೈ ತೋರಿಸಿದ, ನಾನು ಹೋಗಿ ಆ ಸಾಲಿನಲ್ಲಿ ನಿಂತೆ. ಸಾಲಿನ ತುಂಬ ಮನೆಗೆಲಸಕ್ಕೆ ಬಂದ ಇಥಿಯೋಪಿಯಾದ ಹುಡುಗಿಯರು. ಒಬ್ಬಳು ತನ್ನ ಭಾಷೆಯಲ್ಲಿ ಏನೋ ಕೇಳಿದಳು, ನಾನು ಕೊಂಕಣಿಯಲ್ಲಿ ಉತ್ತರ ಕೊಟ್ಟೆ. ಅವಳು ಮತ್ತೇನೋ ಹೇಳಿದಳು, ನಾನು ಮೊಣಕಾಲು ನೋವಿನ ಕತೆ ಹೇಳಿದೆ. ಹುರಿದ ಕಾಳು ಕೊಟ್ಟಳು, ತಿಂದೆ. ನನ್ನ ಸರದಿ ಬಂದಾಗ ಪಾಸ್‌ಪೋರ್ಟ್ ತಿರುಗಿಸಿದ ಅಧಿಕಾರಿ, “ಇಂಡಿಯಾ?” ಎಂದ. ಮುಖ ನೋಡಿದ, ಫೋಟೊ ನೋಡಿದ, ಮತ್ತೆ, “ಇಂಡಿಯಾ?” ಎಂದ. ಊರಿನಲ್ಲಿ ಬಸ್ಸು ಹತ್ತಿದರೂ ಇದೇ ಕೇಳುತ್ತಾರೆ, ನಿಂದು ಯಾವ ದೇಶ ಅಂತ. ಹಳಿಯಾಳ ಅಂದರೆ ಅಲ್ಲೂ ನಂಬುವುದಿಲ್ಲ, ಇಲ್ಲೂ ನಂಬುವುದಿಲ್ಲ. ಇಷ್ಟು ದೂರ ಬಂದರೂ ಇದೊಂದು ಬದಲಾಗಲಿಲ್ಲವಲ್ಲ ಎಂದು ಒಂಥರಾ ಸಮಾಧಾನವಾಯಿತು.

ಚೀಲ ನೋಡುವವನು ಡಬ್ಬದ ಮುಚ್ಚಳ ತೆಗೆದು ಮೂಗು ಹತ್ತಿರ ತಂದ. ಇಂಗಿನ ಘಾಟಿಗೆ ಕಣ್ಣಲ್ಲಿ ನೀರು ಬಂತು. “ಯಲ್ಲಾ, ಯಲ್ಲಾ” ಎಂದು ಓಡಿಸಿಯೇಬಿಟ್ಟ.

ಖೈತಾನ್

ಮಗನ ಮನೆ ಖೈತಾನ್ ಎಂಬಲ್ಲಿ, ಮೂರನೆಯ ಮಾಳಿಗೆ. ಲಿಫ್ಟ್ ಕೆಟ್ಟಿತ್ತು. ಕಟ್ಟಡ ಕಾಯುವವನಿಗೆ ಅಲ್ಲಿ ಹಾರಿಸ್ ಎನ್ನುತ್ತಾರೆ. ಆ ಹಾರಿಸ್ ಅಬ್ದು, ಈಜಿಪ್ಟಿನ ತೆಂಕಣ ತುದಿಯವನು, ನಮ್ಮಷ್ಟೇ ಕಪ್ಪು, ಬಾಗಿಲಿನಷ್ಟು ಅಗಲ. ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಹತ್ತಿದ. ಪ್ರತಿ ತಿರುವಿನಲ್ಲೂ ನಿಂತು ಏದುಸಿರು ಬಿಟ್ಟ, ಉಪ್ಪಿನಕಾಯಿ ವಾಸನೆಯನ್ನೂ ಹಿಡಿದ. ಅವತ್ತಿನಿಂದ ನಾನು ಕೆಳಗಿಳಿದಾಗಲೆಲ್ಲ ನಾಲಿಗೆ ಚಪ್ಪರಿಸಿ ಕೈ ಚಾಚುತ್ತಿದ್ದ. ಒಂದೊಂದು ಮಿಡಿ ಕೊಡುತ್ತಿದ್ದೆ.

ಮನೆಯಲ್ಲಿ ಇನಾಸನ ಜೊತೆ ಇನ್ನಿಬ್ಬರಿದ್ದರು. ಒಬ್ಬ ಕೋಫಿ, ಘಾನಾ ದೇಶದವನು, ಅದೇ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ನಮ್ಮ ಹಾಗೆ ಇಗರ್ಜಿಗೆ ಹೋಗುವವನು, ಎಲ್ಲದಕ್ಕೂ ನಗುವವನು. ಇನ್ನೊಬ್ಬ ಇದ್ರಿಸ್, ಸುಡಾನಿನವನು, ಟ್ರೇಲರ್ ಓಡಿಸುತ್ತಾನೆ. ಐದು ಹೊತ್ತಿನ ನಮಾಜಿನವನು, ಅಳೆದು ಮಾತಾಡುವವನು. ಕೋಫಿ ನನ್ನನ್ನು ‘ಮಾಮಾ’ ಎಂದ. ಇದ್ರಿಸ್ ‘ಯಾ ಹಾಜ್ಜಾ’ ಎಂದ. ನಾನು ಹಜ್‌ಗೂ ಹೋಗಿಲ್ಲ, ಮುಸಲ್ಮಾನಳೂ ಅಲ್ಲ ಎಂದು ಮಗನಿಂದ ಹೇಳಿಸಿದೆ. ಅವನು ತಲೆಬಾಗಿ ಕೇಳಿ, “ಆಗಲಿ ಯಾ ಹಾಜ್ಜಾ” ಎಂದನಂತೆ.

ಅಲ್ಲಿ ತಣ್ಣೀರಿನ ನಲ್ಲಿಯಲ್ಲೂ ಬಿಸಿನೀರು ಬರುತ್ತದೆ. ತಣ್ಣೀರು ಬೇಕಾದರೆ ಹಿಂದಿನ ದಿನವೇ ಬಕೆಟ್ ತುಂಬಿ ಎಸಿ ಕೋಣೆಯಲ್ಲಿಡಬೇಕು. ನಾವು ಬಿಸಿನೀರಿಗೆ ಒಲೆ ಊದಿ ಊದಿ ಸತ್ತೆವು, ಇವರು ತಣ್ಣೀರಿಗೆ ಕಾಯುತ್ತಾರೆ.

ನನಗೆ ಬಹಳ ಮಜಾ ಅನಿಸಿದ್ದು ಅವರು ಮಾತಾಡಿಸುವ ರೀತಿ. ಇದ್ರಿಸನ ಊರಿನವನೊಬ್ಬ ಬಂದರೆ ಬಾಗಿಲಲ್ಲೇ ಶುರು. ಹೇಗಿದ್ದೀ, ಆರೋಗ್ಯ ಹೇಗೆ, ಮೈ ಹೇಗೆ, ಮನೆಯವರ ಮೈ ಹೇಗೆ, ಮತ್ತೆ ನಿನ್ನ ಮೈ ಹೇಗೆ. ಅನ್ನ ಕುದಿಯಲು ಇಟ್ಟರೆ ಬಸಿಯುವ ತನಕ ಕೇಳುತ್ತಾರೆ. ಎಲ್ಲದಕ್ಕೂ ಉತ್ತರ ಒಂದೇ, “ತಮಾಮ್”. ಅಂದರೆ ಎಲ್ಲ ಚೆನ್ನ. ಒಬ್ಬನಿಗೆ ಕಾಲು ಬಾತು ಚಪ್ಪಲಿ ಹತ್ತುತ್ತಿರಲಿಲ್ಲ, ಅವನೂ ತಮಾಮ್. ಇಷ್ಟೊಂದು ಕೇಳುವವರನ್ನೂ ನಾನು ನೋಡಿರಲಿಲ್ಲ, ಇಷ್ಟು ಮುಚ್ಚಿಡುವವರನ್ನೂ ನೋಡಿರಲಿಲ್ಲ.

ಶುವೈಖ್

ಮಗ ಗ್ಯಾರೇಜು ತೋರಿಸಲು ಕರೆದುಕೊಂಡು ಹೋದ. ಅಲ್ಲಿ ಬೀದಿಗೆ ಬೀದಿಯೇ ಗ್ಯಾರೇಜು. ನೆಲವೆಲ್ಲ ಎಣ್ಣೆ. ನಮ್ಮೂರ ಲಾರಿಗಳು ಇವುಗಳ ಮುಂದೆ ಎತ್ತಿನ ಗಾಡಿ. ನನ್ನನ್ನು ಒಂದು ಹಳೇ ಸೀಟಿನ ಮೇಲೆ ಕೂರಿಸಿ ಚಹಾ ಕೊಟ್ಟರು, ಹಾಲಿಲ್ಲ, ಅರ್ಧ ಲೋಟ ಸಕ್ಕರೆ.

ಇನಾಸ ಅಲ್ಲಿ ರಾಜ. ಒಬ್ಬರಿಂದ ಆಗದ ಗೇರ್‌ಬಾಕ್ಸನ್ನು ನನ್ನ ಎದುರು ಒಬ್ಬನೇ ಎತ್ತಿ ತೋರಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ಆಮೇಲೆ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಲಾರಿಯ ಹಿಂದೆ ಟೈರಿಗೆ ಒರಗಿ ಕಣ್ಣು ಮುಚ್ಚಿ ನಿಂತಿದ್ದ. ಎಣ್ಣೆ ಬಟ್ಟೆಯನ್ನು ಮೂಗಿಗೆ ಒತ್ತಿ ಹಿಡಿದಿದ್ದ. ಬಟ್ಟೆ ತೆಗೆದಾಗ ಕೆಂಪಗಿತ್ತು.

“ಏನಲೇ ಇದು?”

“ಬಿಸಲ, ಆಯಿ. ಈ ಊರಾಗ ಎಲ್ಲಾರಿಗೂ ಹಿಂಗ.”

“ನನಗ ಆಗಿಲ್ಲಲ್ಲ.”

“ನೀ ಬಂದು ನಾಕ ದಿನಾ ಆಗೇತಿ. ಹೋಗು, ಚಾ ಕುಡಿ.”

ಅವನಪ್ಪನೂ ಬಿಸಿಲು ಎಂದೇ ಹೇಳುತ್ತಿದ್ದ. ಅವನು ಕೆಲಸ ಮಾಡುತ್ತಿದ್ದ ಡಿಪೋದಲ್ಲಿ ಬಿಸಿಲೇ ಬೀಳುತ್ತಿರಲಿಲ್ಲ.

ಮೊದಲ ಶುಕ್ರವಾರ

ಕುವೈತಿನಲ್ಲಿ ರಜೆ ಶುಕ್ರವಾರ, ಹಾಗಾಗಿ ಇಗರ್ಜಿಯೂ ಶುಕ್ರವಾರ. ನಮ್ಮ ದೇವರಿಗೆ ಅದು ಹೇಗೆ ಒಗ್ಗಿತೋ. ಒಳಗೆ ಕಾಲಿಡಲು ಜಾಗವಿಲ್ಲ, ಒಂದೊಂದು ಗಂಟೆಗೆ ಒಂದೊಂದು ಭಾಷೆಯ ಪೂಜೆ. ಇನಾಸ, ಕೋಫಿ, ನಾನು ಮೂವರೂ ಹೋದೆವು.

ಹೊರಗೆ ಬಿಳಿ ಕೋಟಿನ ಒಬ್ಬಳು ನನ್ನ ಹತ್ತಿರ ಬಂದು ಇಂಗ್ಲಿಷಿನಲ್ಲಿ ಏನೋ ಕೇಳಿದಳು. ನಾನು ಕೊಂಕಣಿಯಲ್ಲಿ, ನಿನ್ನ ಇಂಗ್ಲಿಷು ನನಗೆ ಬೇಡ ಎಂದೆ. ಕೈಯಲ್ಲಿದ್ದ ಬಿಸ್ಕೀಟಿನ ಪೊಟ್ಟಣ ಬೀಳಿಸಿದಳು.

“ಅಯ್ಯೋ ದೇವರೇ, ಅಜ್ಜೀ, ನಿಮಗೆ ಕೊಂಕಣಿ ಬರ್ತದಾ? ಕನ್ನಡವೂ ಬರ್ತದಾ?”

“ಬರ್ತೈತಿ. ನಿನಗ?”

ಮಂಗಳೂರಿನ ಕಡೆಯವಳು, ಲೀನಾ, ಇಲ್ಲಿ ನರ್ಸು. ಪೂಜೆ ಮುಗಿದ ಮೇಲೆ ಇಗರ್ಜಿಯ ಸಭಾಂಗಣದಲ್ಲಿ ಬೀಪಿ, ಸಕ್ಕರೆ ನೋಡುತ್ತಾರಂತೆ. “ಹೆಂಗಸರು ಬರ್ತಾರೆ ಅಜ್ಜಿ. ಗಂಡಸರದ್ದೇ ಕಷ್ಟ ಮಾರಾಯ್ರೆ. ಅದರಲ್ಲೂ ಈ ಆಫ್ರಿಕಾದವರು, ನಿಮ್ಮವರು, ಗಟ್ಟಿಮುಟ್ಟು ಇದ್ದೇವೆ ಅಂತ ಹತ್ತಿರವೇ ಬರುವುದಿಲ್ಲ. ಒಳಗೆ ಬೀಪಿ ಸದ್ದಿಲ್ಲದೆ ಏರಿರ್ತದೆ. ಮತ್ತೆ ಒಂದು ದಿನ ದಡಕ್ಕ.”

ದಡಕ್ಕ ಎಂದರೆ ಏನೆಂದು ನನಗೆ ಯಾರೂ ಹೇಳಬೇಕಾಗಿಲ್ಲ. ಮಗನ ಕಡೆ ತಿರುಗಿ, ಹೋಗು ಎಂದೆ. “ಹೂಂ ಆಯಿ,” ಎಂದ. ಒಂದೇ ಮಾತಿಗೆ ಹೂಂ ಎಂದ. ಹುಟ್ಟಿದಾಗಿನಿಂದ ಒಂದೇ ಮಾತಿಗೆ ಹೂಂ ಅಂದವನಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು. ಅವನೂ ಕೋಫಿಯೂ ಪರದೆಯ ಆಚೆ ಹೋದರು, ನಾನು ಹೆಂಗಸರ ಜೊತೆ ಹೊರಗೆ ಕೂತೆ.

ಸ್ವಲ್ಪ ಹೊತ್ತಿಗೆ ಲೀನಾ ಕುಣಿಯುತ್ತಾ ಬಂದಳು. “ಅಜ್ಜೀ, ನಿಮ್ಮ ಮಗನದ್ದು ಫಸ್ಟ್‌ಕ್ಲಾಸ್ ಉಂಟು! ಹದಿನೆಂಟರ ಹುಡುಗನ ಹಾಗೆ!”

ಸೊಸೆಗೆ ಫೋನು ಮಾಡಿದೆ. ಅವಳು ಅತ್ತಳು, ನಾನು ಬೈದೆ. ಮನೆಗೆ ಬಂದು ಶಾವಿಗೆ ಪಾಯಸ ಮಾಡಿದೆ. ಇನಾಸ ಎರಡು ಬಟ್ಟಲು ಕುಡಿದು, ಅನ್ನದ ಜೊತೆ ನಾಲ್ಕು ಮಿಡಿ ಉಪ್ಪಿನಕಾಯಿ ಹಾಕಿಕೊಂಡು, ಬೆರಳು ನೆಕ್ಕಿ, “ನೋಡಿದಿ?” ಎಂದ.

ಮಂಗಳವಾರ, ಬಾಗಿಲಲ್ಲಿ

ನಾಲ್ಕು ದಿನ ಹಾಯಾಗಿ ಕಳೆದೆ. ಸಮುದ್ರ ನೋಡಿದೆ, ನೀರು ಹಸಿರು, ಅಲೆ ಇಲ್ಲ, ಕೆರೆಯ ಹಾಗೆ ಬಿದ್ದುಕೊಂಡಿತ್ತು. ಮಂಗಳವಾರ ಸಂಜೆ ಲೀನಾ ನನ್ನನ್ನು ಮಾತಾಡಿಸಲು ಬಂದಳು. ಬಾಗಿಲು ತೆಗೆದದ್ದು ಕೋಫಿ.

“ಏನು ಇನಾಸಣ್ಣ, ಹೇಗಿದ್ದೀರಿ? ತಲೆನೋವು ಉಂಟಾ?” ಎಂದು ಲೀನಾ ಕೊಂಕಣಿಯಲ್ಲಿ ಕೇಳಿದಳು.

ಕೋಫಿ ಹಲ್ಲು ಕಿರಿದು, “ಸಬ್ ಠೀಕ್, ಸಿಸ್ಟರ್” ಎಂದ.

ಅಷ್ಟರಲ್ಲಿ ಬಚ್ಚಲಿನಿಂದ ಟವೆಲು ಸುತ್ತಿಕೊಂಡು ನನ್ನ ಮಗ ಹೊರಗೆ ಬಂದ. ನಾನು, “ಇನಾಸ, ನರ್ಸಬಾಯಿ ಬಂದಾಳ, ಅಂಗಿ ಹಾಕ್ಕೋ” ಎಂದೆ. ಲೀನಾ ಇವನನ್ನು ನೋಡಿದಳು, ಅವನನ್ನು ನೋಡಿದಳು. ಮುಖ ಬಿಳುಪೇರಿತು.

“ಅಜ್ಜಿ, ಇವರು ಯಾರು?”

“ನನ್ನ ಮಗ.”

“ಮತ್ತೆ ಅವರು?”

“ಕೋಫಿ.”

“ನಾನು ಬೀಪಿ ನೋಡಿದ್ದು ಅವರದ್ದು! ಇನಾಸ್ ಅಂತ ಕರೆದಾಗ ಬಂದು ತೋಳು ಕೊಟ್ಟದ್ದು ಅವರೇ!”

ಕೋಫಿ ಮೆಲ್ಲಗೆ ಅಡಿಗೆಮನೆಗೆ ಸರಿದ. ಇನಾಸ ಟವೆಲು ಗಟ್ಟಿಯಾಗಿ ಹಿಡಿದುಕೊಂಡು ನಿಂತ. ನನಗೆ ಸಿಟ್ಟು ಬಂದದ್ದು ಮೊದಲು ಲೀನಾಳ ಮೇಲೆ.

“ಅಲ್ಲವ್ವಾ, ಅವನು ಗಿಡ್ಡ, ಇವನು ಉದ್ದ. ಅವನ ಮುಂದಿನ ಹಲ್ಲಿನ ಸಂದ್ಯಾಗ ಬೆರಳು ಹೋಗತೈತಿ. ಬಣ್ಣ ಬಿಟ್ಟ ಮತ್ತೇನರ ನೋಡಿದೇನ ನೀನು?”

“ತಪ್ಪಾಯ್ತು ಅಜ್ಜೀ,” ಎಂದು ಅವಳು ತಲೆ ತಗ್ಗಿಸಿದಳು. ಪಾಪ ಅನಿಸಿತು. ನಾನೂ ಆ ಶುಕ್ರವಾರ ಇಗರ್ಜಿಯ ಮೆಟ್ಟಿಲ ಮೇಲೆ ಬೇರೆ ಯಾರೋ ಮಂಗಳೂರಿನ ಹೆಂಗಸನ್ನು ಲೀನಾ ಎಂದುಕೊಂಡು, ಅವಳ ಕೈಯಿಂದ ಬಿಸ್ಕೀಟು ಕಸಿದು ತಿಂದಿದ್ದೆ. ಅವರೆಲ್ಲ ನನಗೆ ಒಂದೇ ಥರ ಕಾಣುತ್ತಾರೆ. ಅದನ್ನು ಹೇಳಿಬಿಟ್ಟೆ, ಇಬ್ಬರೂ ಸರಿಹೋದೆವು.

ಆಮೇಲೆ ಮಗನನ್ನು ಕೂರಿಸಿದೆ.

“ಯಾಕ ಹಿಂಗ ಮಾಡಿದಿ?”

“ಆಯಿ, ನಿನಗ ಇಲ್ಲಿಂದು ತಿಳಿಯಂಗಿಲ್ಲ. ಬೀಪಿ ಐತಿ ಅಂತ ಗೊತ್ತಾದ್ರ ಕಫೀಲ್ ಇಕಾಮಾ ರದ್ದ ಮಾಡ್ತಾನ. ಖಲಾಸ್. ಮನಿಗೆ ಕಳಸ್ತಾನ. ನಮ್ಮ ಗ್ಯಾರೇಜಿನ್ಯಾಗ ಒಬ್ಬ ಮುದುಕ ಡ್ರೈವರನ್ನ ಹಂಗ ಕಳಿಸಿದ್ರಂತ.”

ಕಫೀಲ್ ಅಂದರೆ ಅವನ ಧಣಿ, ಇಕಾಮಾ ಅಂದರೆ ಅಲ್ಲಿರಲು ಅಪ್ಪಣೆ. ಲೀನಾ, “ಹಾಗೆಲ್ಲ ಇಲ್ಲ ಇನಾಸಣ್ಣ, ನಾವು ಯಾರಿಗೂ ಹೇಳುವುದಿಲ್ಲ, ಬೀಪಿ ಇರುವವರು ಇಲ್ಲಿ ಸಾವಿರ ಜನ ಕೆಲಸ ಮಾಡ್ತಾರೆ” ಎಂದಳು. ಚೀಲದಿಂದ ಯಂತ್ರ ತೆಗೆಯಲು ಹೋದಳು. ನನ್ನ ಮಗ, ಗೇರ್‌ಬಾಕ್ಸ್ ಎತ್ತುವವನು, ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಅವಳು ಹೋಗುವ ತನಕ ಹೊರಗೆ ಬರಲಿಲ್ಲ.

ಮೆಟ್ಟಿಲ ತನಕ ಅವಳ ಜೊತೆ ಹೋಗಿ, “ಶುಕ್ರವಾರ ಮಧ್ಯಾನ ಊಟಕ್ಕ ಬಾ. ಯಂತ್ರ ತಗೊಂಡ ಬಾ,” ಎಂದೆ.

“ಅವರು ಕೊಡ್ತಾರಾ ಅಜ್ಜಿ ತೋಳು?”

“ಅದು ನನಗ ಬಿಡು.”

ಎರಡನೆಯ ಶುಕ್ರವಾರ

ನಮ್ಮ ವಾಡೆಯಲ್ಲಿ, ಅಂದರೆ ನಮ್ಮ ಸಿದ್ದಿಗಳ ಕೇರಿಯಲ್ಲಿ, ಗಂಡಸು ದಾರಿ ತಪ್ಪಿದರೆ ಹಿರಿಯರು ಸೇರಿ ಬುದ್ಧಿ ಹೇಳುವುದು ಆಮೇಲಿನ ಮಾತು. ಮೊದಲು ಹೆಂಗಸರು ಅವನ ಮೇಲೆ ಹಾಡು ಕಟ್ಟುತ್ತೇವೆ. ಡಮಾಮಿ ಡೋಲು ಬಾರಿಸುತ್ತಾ ಅವನ ಹೆಸರು ಹಿಡಿದು ಹಾಡುತ್ತೇವೆ. ಕೂಸುಗಳು ಅದನ್ನು ಕಲಿತುಬಿಡುತ್ತವೆ. ಅವನು ನೀರಿಗೆ ಹೋದರೂ ಹಿಂದೆ ಹಾಡು, ಅಂಗಡಿಗೆ ಹೋದರೂ ಹಾಡು. ಸಾರಾಯಿ ಬಿಟ್ಟವರಿದ್ದಾರೆ, ಎರಡನೆಯ ಹೆಂಡತಿಯನ್ನು ಬಿಟ್ಟವರಿದ್ದಾರೆ.

ಇದ್ರಿಸ್ ನಮಾಜಿನಿಂದ ಬಂದ, ಲೀನಾ ಗಂಡನ ಕಾರಿನಲ್ಲಿ ಬಂದಿಳಿದಳು. ಮೀನು ಸಾರು, ಅನ್ನ. ಎಲ್ಲರೂ ಹೊಟ್ಟೆ ತುಂಬ ಉಂಡು, ಓಡಲಾಗದಂತೆ ಗೋಡೆಗೆ ಒರಗಿದರು. ನಾನು ಬಾಗಿಲಿಗೆ ಅಡ್ಡ ಕೂತೆ. ಬಚ್ಚಲಿನ ಬಕೆಟನ್ನು ಬೋರಲು ಹಾಕಿ ತೊಡೆಯ ನಡುವೆ ಹಿಡಿದೆ. ಅದರ ಸದ್ದು ಡಮಾಮಿಯ ಹಾಗಲ್ಲ, ಆದರೂ ನಡೆಯುತ್ತದೆ.

ಇನಾಸನ ಮುಖ ಇಳಿಯಿತು. “ಆಯಿ, ಬ್ಯಾಡ.”

ನಮ್ಮ ಕೊಂಕಣಿಯಲ್ಲಿ ಹಾಡಿದೆ, ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ.

*ಎಂಜಿನ್ ಎತ್ತೋ ಇನಾಸಪ್ಪ, ಎಂಥಾ ಗಂಡಸ ನೋಡಬೇ,*
*ಗೇಣು ಅಗಲ ಬಟ್ಟಿ ಕಂಡು ಬಚ್ಚಲ ಹೊಕ್ಕಾನ ನೋಡಬೇ!*
*ತನ್ನ ತೋಳು ಮುಚ್ಚಿಟಕೊಂಡು ಗೆಣೆಯನ ತೋಳು ಕೊಟ್ಟಾನ,*
*ಹೆಂಡತಿ ಕರದ ರಾತ್ರಿ ಬಂದ್ರ ಯಾರನ ಕಳಸತಾನ ಕೇಳಬೇ!*

ಲೀನಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಕೊಂಕಣಿ ತಿಳಿಯುತ್ತದಲ್ಲ. ಕೋಫಿಗೆ ಒಂದು ಮಾತೂ ತಿಳಿಯದಿದ್ದರೂ ಎದ್ದು ಕುಣಿಯತೊಡಗಿದ, ಫೋನು ಹಿಡಿದು ವಿಡಿಯೊ ಮಾಡಿದ. ಹಾಗಾಗಿ ಮುಂದಿನದು ಅವನಿಗೆ.

*ಕೋಫಿಯ ತೋಳು ಬಾಡಿಗಿಗೈತಿ, ಯಾರಿಗೆ ಬೇಕೋ ಒಯ್ಯಿರಬೇ,*
*ಕೋಫಿ ಸತ್ತ ದಿವಸ ಬಂದ್ರ ಯಾರನ ಹುಗಿಯೋದು ಹೇಳಿರಬೇ!*

ತನ್ನ ಹೆಸರು ಎರಡು ಸಲ ಕೇಳಿದ ಮೇಲೆ ಕೋಫಿಯ ಕುಣಿತ ನಿಂತಿತು. “ಇನಾಸ್ ಭಾಯಿ, ಮಾಮಾ ಕ್ಯಾ ಬೋಲಾ?” ಎಂದ. ಇನಾಸ ಬಾಯಿ ಬಿಡಲಿಲ್ಲ. ಬಿಡದಿದ್ದದ್ದೇ ತಪ್ಪಾಯಿತು, ತಿಳಿಯದ ಹಾಡಿನಲ್ಲಿ ತನ್ನ ಹೆಸರು ಬಂದರೆ ಮನುಷ್ಯ ಏನೇನೋ ಊಹಿಸುತ್ತಾನೆ. ಕೋಫಿ ಫೋನು ಕೆಳಗಿಟ್ಟ.

ನಾನು ಬಕೆಟ್ ಬಡಿಯುತ್ತ ಇದ್ರಿಸನ ಕಡೆ ತಿರುಗಿದೆ. ಅವನ ಮೇಲೆ ಇನ್ನೂ ಹಾಡು ಹುಟ್ಟಿರಲಿಲ್ಲ. ಸುಮ್ಮನೆ “ಇದ್ರಿಸಾ… ಓ ಇದ್ರಿಸಾ…” ಎಂದು ರಾಗ ಎಳೆದೆ. ಆ ಉದ್ದನೆಯ, ಗಂಭೀರ ಮನುಷ್ಯ ಎರಡೂ ಕೈ ಎತ್ತಿ ಎದ್ದು ನಿಂತುಬಿಟ್ಟ. ಅರಬಿಯಲ್ಲಿ ಗಡಗಡ ಏನೋ ಹೇಳಿ, ಅಂಗಿಯ ತೋಳು ಮಡಚುತ್ತಾ ಲೀನಾಳ ಮುಂದೆ ಹೋಗಿ ಕೂತ.

“ಏನಂತೋ ಅವಂದು?” ಎಂದು ಮಗನನ್ನು ಕೇಳಿದೆ.

ಇನಾಸನಿಗೆ ನಗು ತಡೆಯಲಾಗಲಿಲ್ಲ. “ಇವನ ಊರಾಗೂ ನಿನ್ನಂಥ ಹೆಂಗಸ್ರು ಇರ್ತಾರಂತ ಆಯಿ. ಹಕ್ಕಾಮಾ ಅಂತಾರಂತ. ಅವ್ರು ಒಬ್ಬನ ಮ್ಯಾಲ ಹಾಡ ಕಟ್ಟಿದ್ರ ಅದು ಊರೂರು ತಿರಗತೈತಂತ, ಅವಂಗ ಮುಖಾ ಎತ್ತಾಕ ಆಗಂಗಿಲ್ಲಂತ. ‘ನನಗ ಮದುವಿಗೆ ಬಂದ ಇಬ್ಬರು ಹೆಣ್ಮಕ್ಕಳದಾರ, ನನ್ನ ಹೆಸರ ಬಿಟ್ಟಬಿಡು ಹಾಜ್ಜಾ, ತೋಳು ತಗೋ’ ಅನ್ನಾಕತ್ಯಾನ.”

ಕಡಲಾಚೆಯ ಗಂಡಸರಿಗೂ ನಮ್ಮ ಕಡೆಯ ಗಂಡಸರಿಗೂ ಹೆದರಿಕೆ ಒಂದೇ ಎಂದು ಆವತ್ತು ತಿಳಿಯಿತು. ಸಾವಿಗೆ ಹೆದರುವುದಿಲ್ಲ, ನಗುವ ಹೆಂಗಸಿಗೆ ಹೆದರುತ್ತಾರೆ.

ಇದ್ರಿಸನದು ಸ್ವಲ್ಪ ಹೆಚ್ಚು, ಮತ್ತೆ ನೋಡಬೇಕು ಎಂದಳು ಲೀನಾ. ಕೋಫಿ ತಾನಾಗಿಯೇ ಕೂತ. ಅವನದು ಗೊತ್ತಿದ್ದದ್ದೇ, ಹುಡುಗನ ಹಾಗೆ. ಇನಾಸ ಗೋಡೆ ಬಿಟ್ಟು ಏಳಲಿಲ್ಲ.

ನಾನು ಕೋಫಿಯ ಫೋನನ್ನು ಎತ್ತಿಕೊಂಡೆ. “ಇದನ್ನ ಕತರಿನಾಗ ಕಳಸು ಅಂತ ಕೋಫಿಗೆ ಹೇಳತೀನಿ. ಅಕಿ ವಾಡೆದಾಗಿನ ಎಲ್ಲಾರಿಗೂ ಕಳಸತಾಳ. ಮುಂದಿನ ರಜಾಕ್ಕ ನೀ ಬಸ್ ಇಳದ ಕೂಡಲೆ ಹುಡಗೋರು ಹಾಡತಾವ. ಯಾರನ ಕಳಸತಾನ ಕೇಳಬೇ ಅಂತ.”

ಅವನು ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಬಕೆಟಿಗೆ ಒಂದು ಪೆಟ್ಟು ಹಾಕಿದೆ.

“ನಿನಗ ನಾಚಿಕಿ ಇಲ್ಲ ಆಯಿ,” ಎಂದು ಎದ್ದು ಹೋಗಿ ಕೂತ.

ಲೀನಾ ಪಟ್ಟಿ ಸುತ್ತಿ ಗಾಳಿ ಒತ್ತಿದಳು. ನೋಡಿದಳು. ಮತ್ತೆ ಒತ್ತಿದಳು. ಇನ್ನೊಂದು ತೋಳಿಗೆ ಸುತ್ತಿದಳು. ಅಷ್ಟು ಹೊತ್ತು ನಗುತ್ತಿದ್ದವಳು ಈಗ ನಗಲಿಲ್ಲ. ನಾನು ಬಕೆಟನ್ನು ಮೆಲ್ಲಗೆ ಬದಿಗಿಟ್ಟೆ.

“ಅಜ್ಜಿ, ಇವರು ಹೀಗೆ ನಡೆದಾಡುವುದೇ ಆಶ್ಚರ್ಯ. ನಾಳೆ ಅಲ್ಲ, ಈಗಲೇ ಹೋಗುವ.”

ಕ್ಲಿನಿಕ್

ಡಾಕ್ಟರ್ ಈಜಿಪ್ಟಿನವನು, ಬ್ರಶ್ಶಿನಂಥ ಮೀಸೆ. ನನ್ನ ಮುಖ ನೋಡಿದ್ದೇ ಅರಬಿಯಲ್ಲಿ ಉದ್ದುದ್ದ ಮಾತಾಡಿದ. ನಾನು ತಲೆಯಾಡಿಸಿದೆ. ಯಾವ ದೇಶ ಎಂದು ಶುರುಮಾಡಿದರೆ ಸಂಜೆ ಅಲ್ಲೇ ಮುಗಿಯುತ್ತಿತ್ತು.

ಆಮೇಲೆ ಇನಾಸನನ್ನು, ಏನಾದರೂ ತೊಂದರೆ ಇದೆಯೇ ಎಂದು ಕೇಳಿದ. ನನ್ನ ಮಗ, “ತಮಾಮ್” ಎಂದ. ನಾನು ಹಿಂದಿನಿಂದ ಚಿವುಟಿದೆ. ತಲೆನೋವು ಹೊರಬಂತು. ಇನ್ನೊಮ್ಮೆ ಚಿವುಟಿದೆ, ಮೂಗಿನ ರಕ್ತ ಹೊರಬಂತು.

ಅಪ್ಪನಿಗೆ ಏನಾಗಿತ್ತು ಎಂದು ಕೇಳಿದಾಗ ಇನಾಸ, ದಿಮ್ಮಿ ಕೆಲಸ ಮಾಡುತ್ತಿದ್ದ, ಬಿದ್ದ ಎಂದ. ನಾನು ಲೀನಾಳಿಗೆ ಎಲ್ಲ ಹೇಳಿದೆ, ಮಿಂಗೆಲ್, ಅವನ ಅಣ್ಣ, ಅವನ ತಮ್ಮ, ಯಾರು ಎಷ್ಟನೆಯ ವಯಸ್ಸಿಗೆ, ಹೇಗೆ. ಅವಳು ಅದನ್ನು ಅವನ ಭಾಷೆಗೆ ತಿರುಗಿಸಿದಳು. ಡಾಕ್ಟರ್ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದ. ನಾನು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡುತ್ತಾ ಕೂತೆ.

ಮಾತ್ರೆ ಕೊಟ್ಟ. ದಿನಾ ಒಂದು, ಬೆಳಿಗ್ಗೆ, ಬಿಡುವ ಹಾಗಿಲ್ಲ. ಮರುವಾರ ಬಂದು ತೋರಿಸಬೇಕು. ಚಹಾಕ್ಕೆ ಸಕ್ಕರೆ ಕಡಿಮೆ. ಉಪ್ಪು ಬಹಳ ಕಡಿಮೆ, ಉಪ್ಪಿನಕಾಯಿಯಂತೂ ಬೇಡವೇ ಬೇಡ. ಇದನ್ನು ಹೇಳುವಾಗ ಲೀನಾ ನನ್ನ ಮುಖ ನೋಡಲಿಲ್ಲ.

ಇನಾಸ ಕಡೆಗೆ ಧೈರ್ಯ ಮಾಡಿ ಕಫೀಲನ ಮಾತೆತ್ತಿದ. ಡಾಕ್ಟರ್ ಹೊಟ್ಟೆ ಕುಲುಕಿಸಿ ನಕ್ಕ. ಅಂಥ ಎಷ್ಟೋ ಕಫೀಲರು ಇದೇ ಕುರ್ಚಿಯಲ್ಲಿ ಕೂತು ಇದೇ ಮಾತ್ರೆ ಒಯ್ಯುತ್ತಾರೆ ಎಂದನಂತೆ.

ಕಾರಿನಲ್ಲಿ ಮಗ ಮಾತ್ರೆಯ ಪೊಟ್ಟಣವನ್ನು ತಿರುಗಿಸಿ ತಿರುಗಿಸಿ ನೋಡಿದ. ಆಮೇಲೆ, “ಆಯಿ, ಅಪ್ಪಗೂ ಇದ ಇತ್ತೇನ?” ಎಂದ.

“ಯಾರಿಗ ಗೊತ್ತು. ನೋಡಿದವ್ರು ಯಾರು?”

ಇನಾಸನಿಗೆ ಈಚೆಗೆ ಐವತ್ತು ತುಂಬಿತು. ಫೋನಿನಲ್ಲಿ ತಲೆ ಬಗ್ಗಿಸಿ ತೋರಿಸುತ್ತಾನೆ, ಕಿವಿಯ ಮೇಲೆಲ್ಲ ಬಿಳಿ. ನಮ್ಮ ಮನೆಯ ಗಂಡಸಿನ ತಲೆಯಲ್ಲಿ ನಾನು ಬಿಳಿ ಕೂದಲು ಕಂಡದ್ದು ಅದೇ ಮೊದಲು. ಚೆನ್ನಾಗಿ ಕಾಣುವುದಿಲ್ಲ, ಆ ಮಾತು ಬೇರೆ.

ಕ್ಲಿನಿಕ್ಕಿನ ಮಾರನೆಯ ಬೆಳಿಗ್ಗೆ

ಗಂಜಿ ಕುಡಿದು ಕೆಲಸಕ್ಕೆ ಹೊರಟ ಇನಾಸನ ಮುಂದೆ ಮಾತ್ರೆ, ನೀರು ಹಿಡಿದೆ. “ಸಂಜಿಗೆ ಬಂದು ತಗೋತೀನಿ” ಎಂದ. ನಾನು ಗಂಟಲು ಸರಿಮಾಡಿಕೊಂಡೆ, ಅಷ್ಟೇ. ಅಡಿಗೆಮನೆಯಿಂದ ಕೋಫಿ ಬೆರಳಲ್ಲಿ ತಟ್ಟೆ ಬಡಿದು ತಾಳ ಕೊಟ್ಟ. ಇನಾಸ ಮಾತ್ರೆ ನುಂಗಿದ.

ಮೂವರೂ ಹೋದ ಮೇಲೆ ಉಪ್ಪಿನಕಾಯಿ ಡಬ್ಬ ನೋಡಿದೆ. ಇನ್ನೂ ಅರ್ಧ ಇತ್ತು. ಇಷ್ಟು ಒಳ್ಳೆ ಮಿಡಿಯನ್ನು ಚೆಲ್ಲಲು ನನಗೇನು ಹುಚ್ಚೇ? ಎತ್ತಿಕೊಂಡು ಮೂರು ಮಾಳಿಗೆ ಇಳಿದೆ. ಹಾರಿಸ್ ಅಬ್ದು ಕುರ್ಚಿಯಲ್ಲಿ ಕೂತಿದ್ದ. ಇಡೀ ಡಬ್ಬವನ್ನೇ ಅವನ ಕೈಗೆ ಕೊಟ್ಟೆ. ನಂಬಲಾಗದೆ ಎದ್ದು ನಿಂತು, ಎದೆಯ ಮೇಲೆ ಕೈ ಇಟ್ಟುಕೊಂಡು ಏನೇನೋ ಹರಸಿದ. ಎದ್ದ ರಭಸಕ್ಕೇ ಉಸಿರು ಹತ್ತಿತು.

ಆ ಏದುಸಿರು ಕೇಳಿದೆ. ಹೊರಡಲು ತಿರುಗಿದವಳು ನಿಂತೆ. ನನ್ನ ತೋಳು ತೋರಿಸಿ, ಸುತ್ತಲೂ ಪಟ್ಟಿ ಕಟ್ಟಿದ ಹಾಗೆ ಮಾಡಿ, ಕೈ ಮುಷ್ಟಿಯಲ್ಲಿ ಪುಸ್ ಪುಸ್ ಎಂದು ಗಾಳಿ ಒತ್ತಿ ತೋರಿಸಿದೆ. ನೋಡಿಸಿದ್ದೀಯಾ ಎಂದು ಹುಬ್ಬು ಹಾರಿಸಿದೆ.

ಅವನು ಎದೆ ಉಬ್ಬಿಸಿ, ಅದರ ಮೇಲೆ ಗುದ್ದಿಕೊಂಡು ನಕ್ಕ. “ತಮಾಮ್!”

ಡಬ್ಬವನ್ನು ಅವನ ಕೈಯಿಂದ ವಾಪಸ್ ಕಿತ್ತುಕೊಂಡೆ. ಅಷ್ಟು ದಿನದಲ್ಲಿ ಶುಕ್ರವಾರಕ್ಕೆ ಅರಬಿಯಲ್ಲಿ ಏನೆನ್ನುತ್ತಾರೆ ಎಂಬುದನ್ನು ಕಲಿತಿದ್ದೆ.

“ಜುಮಾ,” ಎಂದೆ. ತೋಳು ಮುಟ್ಟಿ ತೋರಿಸಿದೆ.

ಅವನು ನನ್ನ ತೋಳು ನೋಡಿದ. ಡಬ್ಬ ನೋಡಿದ. ಕುರ್ಚಿಯಲ್ಲಿ ಮತ್ತೆ ಕುಸಿದು ಕೂತ.

“ಜುಮಾ,” ಎಂದ.